‘ಪ್ಯಾರಮೌಂಟ್’ ಎಂಬ ಒಂದು ಮಾತು



ಆಂಗ್ಲಭಾಷೆಯ ಒಂದೇ ಒಂದು ವಿಶೇಷಣವು ಭರತಖಂಡದ ೫೦೦ಕ್ಕೂ ಮಿಕ್ಕ ಸಂಸ್ಥಾನಗಳ ಭಾಗ್ಯವನ್ನು ಬಹುಕಾಲ ನಿರ್ಣಯಿಸುತ್ತಿದ್ದಿತು. ‘ಪ್ಯಾರಮೌಂಟ್’ ಎಂಬುದೇ ಆ ಪದ. ಅದರ ಚರಿತ್ರೆಯನ್ನು ಈ ದಿನ ತಮ್ಮ ಮುಂದೆ ಸಂಗ್ರಹವಾಗಿ ಅರಿಕೆಮಾಡಬೇಕೆಂದಿರುವೆನು.

ಈ ಪದವು ಇಂಗ್ಲೆಂಡಿಗೆ ಬಂದುದು ನಾರ್ಮನ್ನರ ಫ್ರೆಂಚ್ ಭಾಷೆಯಿಂದ. ಅದಕ್ಕೆ ಮೂಲದಲ್ಲಿ ‘ಮೇಲ್ಗಡೆ’ ಎಂದಷ್ಟೇ ಅರ್ಥ. ಅದರೊಳಗೆ ಬೆಟ್ಟವನ್ನು ಹೇಳುವ ಲ್ಯಾಟಿನ್ ಶಬ್ದವೊಂದು ಅಡಗಿದೆ. ಆಂಗ್ಲರ ಭೂಕಾನೂನಿನಲ್ಲಿ ಸಾಗುವಳಿದಾರನು ಭೂಮಿಯನ್ನು ಒಬ್ಬ ಒಡೆಯನಿಂದ ಪಡೆದಿರುವನು. ಆ ಒಡೆಯನು ತನಗಿಂತ ಹಿರಿಯನಾದ ಮತ್ತೊಬ್ಬನಿಂದ. ಹೀಗೆ ಮೇಲೇರುತ್ತ ಹೋದರೆ ತುದಿಯಲ್ಲಿ, ಯಾರಿಂದಲೂ ಪಡೆಯದ ಒಡೆಯನೊಬ್ಬನಿರುವನು. ಅವನಿಗೆ ‘ಲಾರ್ಡ್ ಪ್ಯಾರಮೌಂಟ್’ ಎಂದು ಹೆಸರು. ಕಾಲಕ್ರಮದಲ್ಲಿ ಪದದ ಬಿಗಿ ಸಡಿಲವಾಯಿತು. ರೋಗಿಯ ಕ್ಷೇಮವೇ ‘ಪ್ಯಾರಮೌಂಟ್’ ಎಂದು ವೈದ್ಯನು ಹೇಳುವಾಗ ಒಡೆತನದ ಅರ್ಥವಿಲ್ಲ; ಪ್ರಾಧಾನ್ಯವಷ್ಟೆ.

ಮೇಲು ಕೀಳುಗಳ ಈ ಭಾವನೆಯು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಚಕ್ರವರ್ತಿಯು ಮಹಾರಾಜಾಧಿರಾಜ. ಅವನ ಸಾಮಂತನು ಮಹಾಮಂಡಲೇಶ್ವರ, ತತ್ಪಾದಪದ್ಮೋಪಜೀವಿ. ಯಾರು ಯಾರಿಗೆ ಅಧೀನರೆಂಬುದನ್ನು ನಮ್ಮವರು ಕಲ್ಲಿನ ಮೇಲೆ ಕಂಡರಿಸಿದರು. ಆಂಗ್ಲರಾದರೋ ಅರಸರೊಡನೆ ಒಪ್ಪಂದಗಳನ್ನು ಬರೆದುಕೊಂಡು, ಆ ಬರಹಕ್ಕೆಲ್ಲ ಮೇಲಾಗಿ, ಅರ್ಥವನ್ನು ಎಲ್ಲಿಯೂ ಬರೆದಿಡದ ಈ ವಿಶೇಷಣವನ್ನು ನಿಲ್ಲಿಸಿದರು.

ಇದರ ಪರಿಣಾಮವನ್ನು ಮೈಸೂರು ಚೆನ್ನಾಗಿ ಬಲ್ಲುದು. ೧೭೯೯ರ ಒಪ್ಪಂದದಂತೆ ಸಂಸ್ಥಾನವು ವರ್ಷಕ್ಕೆ ೭ ಲಕ್ಷ ವರಹಗಳನ್ನು ಕಂಪೆನಿಗೆ ಸಲ್ಲಿಸಬೇಕಾಗಿದ್ದಿತು. ೧೮೩೧ರಲ್ಲಿ ಕಂಪೆನಿಯು ಅದೇ ಒಪ್ಪಂದವನ್ನು ಮುಂದಿಟ್ಟು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡಿತು. ೫೦ ವರ್ಷಗಳ ತರುವಾಯ, ೧೮೮೧ನೆಯ ಮಾರ್ಚಿ ೨೫ರಂದು, ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಆದರೆ ಆಗ ಕೊಟ್ಟುದು ಸಮಾನರ ನಡುವಣ ಒಪ್ಪಂದವಲ್ಲ. ಷರತ್ತುಗಳುಳ್ಳ ಒಂದು ಹಸ್ತಾಂತರ ಪತ್ರ. ಅದಕ್ಕೆ ಬದಲಾಗಿ ಒಪ್ಪಂದವೆಂಬ ಹೆಸರು ಮರಳಿ ಬಂದುದು ೧೯೧೩ರಲ್ಲಿ.

ಪದದ ಅರ್ಥವನ್ನು ಬಾಯಿಬಿಟ್ಟು ಕೇಳಿದವರಿಗೆ ದೊರೆತ ಉತ್ತರವು ವಿಚಾರಾರ್ಹವಾದುದು. ಬೇರಾರಿನ ವಿಷಯದಲ್ಲಿ ಹೈದರಾಬಾದಿನ ನಿಜಾಮರು ಸಮಾನಸ್ಕಂಧರಂತೆ ವಾದಿಸಲು, ವೈಸರಾಯರಾಗಿದ್ದ ರೀಡಿಂಗ್ ಪ್ರಭುಗಳು ೧೯೨೬ರ ಮಾರ್ಚಿಯಲ್ಲಿ ಪ್ರತ್ಯುತ್ತರವನ್ನು ಬರೆದರು. ಬ್ರಿಟಿಷ್ ಸಿಂಹಾಸನದ ಪರಮಾಧಿಕಾರವು ಒಪ್ಪಂದಗಳಿಂದ ಹುಟ್ಟಿದುದಲ್ಲ, ಅವುಗಳನ್ನು ಮೀರಿ ನಿಂತಿರುವುದು ಎಂಬುದೇ ಅದರ ಸಾರಾಂಶ. ಮರುವರ್ಷ ಅರಸರ ಕೋರಿಕೆಯ ಮೇಲೆ ಸರ್ ಹಾರ್ಕೋರ್ಟ್ ಬಟ್ಲರರ ಸಮಿತಿಯು ನೇಮಕವಾಯಿತು. ೧೯೨೯ರ ವರದಿಯಲ್ಲಿ ಆ ಸಮಿತಿಯು ಲಕ್ಷಣವನ್ನು ಹೇಳಲು ಒಪ್ಪಲಿಲ್ಲ. ಪ್ಯಾರಮೌಂಟ್ ಆದುದು ಪ್ಯಾರಮೌಂಟ್ ಆಗಿಯೇ ಉಳಿಯತಕ್ಕುದೆಂದು ಹೇಳಿ ಮುಗಿಸಿತು. ಎಲ್ಲೆಯನ್ನು ಗೊತ್ತುಮಾಡಿದರೆ ಅಧಿಕಾರವು ಆ ಎಲ್ಲೆಯೊಳಗೆ ನಿಲ್ಲಬೇಕಾಗುವುದು. ಪದದ ಬಲವೆಲ್ಲವೂ ಅದರ ಅಸ್ಪಷ್ಟತೆಯಲ್ಲಿಯೇ ಇದ್ದಿತು.

ಅದೇ ಅಸ್ಪಷ್ಟತೆಯು ಕೊನೆಯಲ್ಲಿ ದೊಡ್ಡ ತೊಡಕಾಗಿ ಪರಿಣಮಿಸಿತು. ೧೯೪೭ರ ಶಾಸನವು ಈ ಪರಮಾಧಿಕಾರವನ್ನು ಹೊಸ ಸರಕಾರಗಳಿಗೆ ವರ್ಗಾಯಿಸದೆ ರದ್ದುಗೊಳಿಸಿತು. ಬೆಟ್ಟದ ತುದಿಯಲ್ಲಿದ್ದವನು ಇಳಿದುಹೋದ ಮೇಲೆ ಆ ತುದಿಯು ಯಾರಿಗೆ ಸೇರತಕ್ಕುದು? ಅರಸರಿಗೆಂದು ಕೆಲವರು ಅರಸರು ಎಣಿಸಿದರು. ಮೈಸೂರು ಸಂಸ್ಥಾನವು ಆಗಸ್ಟಿನಲ್ಲಿ ಭಾರತವನ್ನು ಸೇರಿತಾದರೂ ಪ್ರಶ್ನೆಯು ಅಲ್ಲಿಗೆ ತೀರಲಿಲ್ಲ. ‘ಮೈಸೂರು ಚಲೋ’ ಎಂದು ಹೊರಟ ಜನರು ಸೆರೆಮನೆಗಳನ್ನು ತುಂಬಿ ತಮ್ಮ ಉತ್ತರವನ್ನು ಕೊಟ್ಟರು. ಅಕ್ಟೋಬರಿನಲ್ಲಿ ಜಯಚಾಮರಾಜ ಒಡೆಯರು ಜವಾಬ್ದಾರಿ ಸರಕಾರಕ್ಕೆ ಸಮ್ಮತಿಯಿತ್ತರು, ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾದರು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಒಂದುಂಟು. ಅಧಿಕಾರಕ್ಕೆ ಹಚ್ಚಿದ ವಿಶೇಷಣವು ಎಷ್ಟು ಗಂಭೀರವಾಗಿ ಕೇಳಿಸಿದರೂ ಅದರ ಅರ್ಥವೇನು, ಎಲ್ಲೆ ಯಾವುದು ಎಂದು ಕೇಳುವ ಹಕ್ಕು ಆಳಿಸಿಕೊಳ್ಳುವವರಿಗೆ ಇದ್ದೇ ಇದೆ. ಉತ್ತರ ಹೇಳಲೊಲ್ಲದ ಅಧಿಕಾರವನ್ನು ಜಾಗರೂಕತೆಯಿಂದ ಕಾಣಬೇಕು.