ಐಕಾನ್ ಹುಡುಕೋದ್ರಲ್ಲೇ ಟೈಮ್ ಹೋಗ್ತಿದೆಯಾ? ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಬೇಗ ತೆರೆಯುವ ದಾರಿಗಳು ಇಲ್ಲಿವೆ

ಅರ್ಜಿ ಹಾಕಲು ಅಂದೇ ಕೊನೆ ದಿನ. ಕೌಂಟರ್ ಮುಂದೆ ಹತ್ತು ಜನ ನಿಂತಿದ್ದಾರೆ. ಆಪರೇಟರ್ ಮಾತ್ರ ಐಕಾನ್‌ಗಳಿಂದ ತುಂಬಿಹೋದ ಡೆಸ್ಕ್‌ಟಾಪ್‌ನಲ್ಲಿ ಸ್ಕ್ಯಾನರ್ ಎಲ್ಲಿದೆ ಅಂತ ಮೌಸ್ ಹಿಡಿದು ಹುಡುಕುತ್ತಿದ್ದಾರೆ. ಸೈಬರ್ ಸೆಂಟರ್, ಡಿಟಿಪಿ ಅಂಗಡಿ, ಪಂಚಾಯಿತಿ ಕಚೇರಿ, ಸಹಕಾರ ಸಂಘ, ಎಲ್ಲಿ ಹೋದರೂ ಕಾಣುವ ದೃಶ್ಯ ಇದು.

ಒಂದು ಪ್ರೋಗ್ರಾಂ ತೆರೆಯುವಾಗ 8 ಸೆಕೆಂಡ್ ಉಳಿದರೆ ಏನು ಮಹಾ ಅನ್ನಿಸಬಹುದು. ಆದರೆ ದಿನಕ್ಕೆ 60 ಸಲ ತೆರೆಯುವವರಿಗೆ ಅದು 8 ನಿಮಿಷ. ತಿಂಗಳಿಗೆ 25 ದಿನದ ಕೆಲಸ ಅಂದ್ರೂ 3 ಗಂಟೆ 20 ನಿಮಿಷ. ಅರ್ಜಿ ಲೆಕ್ಕದಲ್ಲಿ ದುಡಿಯುವವರಿಗೆ ಇದು ನೇರವಾಗಿ ಸಂಪಾದನೆಯ ಪ್ರಶ್ನೆ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ. ವಿಂಡೋಸ್‌ನಲ್ಲೇ ಇರುವ ನಾಲ್ಕು ದಾರಿಗಳು ಸಾಕು.

1. ದಿನವೂ ಬಳಸುವುದಕ್ಕೆ: ವಿಂಡೋಸ್ ಕೀ + ಅಂಕಿ

ಎಲ್ಲಕ್ಕಿಂತ ವೇಗದ ದಾರಿ ಇದೇ. ಪರದೆಯ ಕೆಳಗಿನ ಪಟ್ಟಿ, ಅಂದರೆ ಟಾಸ್ಕ್‌ಬಾರ್‌ನಲ್ಲಿ ಪಿನ್ ಮಾಡಿದ ಪ್ರೋಗ್ರಾಂಗಳಿಗೆ ಎಡದಿಂದ ಬಲಕ್ಕೆ 1, 2, 3 ಅಂತ ಸಂಖ್ಯೆ ಇರುತ್ತದೆ. ಸ್ಟಾರ್ಟ್ ಮತ್ತು ಸರ್ಚ್ ಬಟನ್‌ಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ವಿಂಡೋಸ್ ಕೀ ಒತ್ತಿಹಿಡಿದು 1 ಒತ್ತಿದರೆ ಮೊದಲನೆಯದು, 2 ಒತ್ತಿದರೆ ಎರಡನೆಯದು ತೆರೆದುಕೊಳ್ಳುತ್ತದೆ. ಹತ್ತನೆಯದಕ್ಕೆ 0. ಪ್ರೋಗ್ರಾಂ ಮೊದಲೇ ತೆರೆದಿದ್ದರೆ ಅದೇ ಮುಂದಕ್ಕೆ ಬರುತ್ತದೆ. ಇನ್ನೊಂದು ಹೊಸ ವಿಂಡೋ ಬೇಕಿದ್ದರೆ ಜೊತೆಗೆ ಶಿಫ್ಟ್ ಕೀಯನ್ನೂ ಒತ್ತಬೇಕು. 2009ರಲ್ಲಿ ಬಂದ ವಿಂಡೋಸ್ 7ರಿಂದ ಈಗಿನ ವಿಂಡೋಸ್ 11ರವರೆಗೂ ಇದು ಕೆಲಸ ಮಾಡುತ್ತದೆ.

ಪಿನ್ ಮಾಡೋದು ಸುಲಭ: ಬೇಕಾದ ಪ್ರೋಗ್ರಾಂ ತೆರೆದು, ಟಾಸ್ಕ್‌ಬಾರ್‌ನಲ್ಲಿ ಕಾಣುವ ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪಿನ್ ಟು ಟಾಸ್ಕ್‌ಬಾರ್' ಆಯ್ಕೆ ಮಾಡಿ. ಆಮೇಲೆ ಎಳೆದು ಜಾಗ ಬದಲಿಸಬಹುದು. 1 ಬ್ರೌಸರ್, 2 ಫೈಲ್ ಫೋಲ್ಡರ್, 3 ಸ್ಕ್ಯಾನರ್, 4 ವರ್ಡ್, 5 ಎಕ್ಸೆಲ್, ಹೀಗೆ ಒಂದು ಕ್ರಮ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಮೂರು ಕಂಪ್ಯೂಟರ್ ಇದ್ದರೆ ಮೂರರಲ್ಲೂ ಅದೇ ಕ್ರಮ ಇರಲಿ. ಯಾರು ಯಾವ ಸೀಟಿನಲ್ಲಿ ಕೂತರೂ ಕೈ ತಡವರಿಸುವುದಿಲ್ಲ.

ದಿನವೂ ಬಳಸುವುದು ಪ್ರೋಗ್ರಾಂ ಅಲ್ಲ, ಯಾವುದೋ ವೆಬ್‌ಸೈಟ್ ಅನ್ನುವವರಿಗೂ ದಾರಿ ಇದೆ. ಕ್ರೋಮ್ ಮತ್ತು ಎಡ್ಜ್ ಎರಡರಲ್ಲೂ ಒಂದು ವೆಬ್‌ಸೈಟನ್ನು ಆ್ಯಪ್ ರೀತಿ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಬಲಗಡೆ ಮೇಲಿನ ಮೂರು ಚುಕ್ಕಿ ಒತ್ತಿದರೆ ಸಿಗುವ ಮೆನುವಿನಲ್ಲಿ ಆ ಆಯ್ಕೆ ಇದೆ. ಆಮೇಲೆ ಅದನ್ನೂ ಪಿನ್ ಮಾಡಿ ಅಂಕಿ ಕೊಡಬಹುದು.

2. ಅಪರೂಪಕ್ಕೆ ಬೇಕಾಗುವುದಕ್ಕೆ: ವಿಂಡೋಸ್ ಕೀ, ಎರಡಕ್ಷರ, ಎಂಟರ್

ವಿಂಡೋಸ್ ಕೀ ಒಮ್ಮೆ ಒತ್ತಿ ಬಿಡಿ. ಎಲ್ಲೂ ಕ್ಲಿಕ್ ಮಾಡದೆ ಪ್ರೋಗ್ರಾಂ ಹೆಸರಿನ ಮೊದಲ ಎರಡು ಮೂರು ಅಕ್ಷರ ಟೈಪ್ ಮಾಡಿ. ಮೇಲೆ ಬೇಕಾದ ಹೆಸರು ಬಂದ ಕೂಡಲೇ ಎಂಟರ್. ಅಷ್ಟೇ. ಕ್ಯಾಲ್ಕುಲೇಟರ್, ಪೇಂಟ್, ಪ್ರಿಂಟರ್ ಸೆಟ್ಟಿಂಗ್ ಇಂಥವುಗಳಿಗೆಲ್ಲ ಇದು ಚೆನ್ನ. ಹೆಸರು ಕಾಣುವ ಮೊದಲೇ ಎಂಟರ್ ಒತ್ತಿದರೆ ಇಂಟರ್‌ನೆಟ್ ಹುಡುಕಾಟ ತೆರೆದುಕೊಂಡು ಇನ್ನೂ ತಡ ಆಗುತ್ತದೆ, ಅಷ್ಟು ನೋಡ್ಕೊಳ್ಳಿ.

ಕನ್ನಡದಲ್ಲಿ ಟೈಪ್ ಮಾಡುವವರು ಎಡವೋದು ಇಲ್ಲೇ. ಕೀಬೋರ್ಡ್ ಕನ್ನಡದಲ್ಲೇ ಉಳಿದಿದ್ದರೆ ಹುಡುಕಾಟದಲ್ಲೂ ಕನ್ನಡ ಅಕ್ಷರವೇ ಬೀಳುತ್ತದೆ, ಪ್ರೋಗ್ರಾಂ ಸಿಗುವುದಿಲ್ಲ. ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಬಳಸುವವರು ವಿಂಡೋಸ್ ಕೀ + ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬರಬೇಕು. ಹಳೆಯ ನುಡಿ ಬಳಸುವವರಿಗೆ ಸ್ಕ್ರೋಲ್ ಲಾಕ್ ಕೀ ಗೊತ್ತೇ ಇದೆ. ಅಂಕಿಯ ದಾರಿಗೆ ಅಕ್ಷರ ಟೈಪ್ ಮಾಡುವ ಕೆಲಸವೇ ಇಲ್ಲ. ಕನ್ನಡ ಡಿಟಿಪಿ ಮಾಡುವವರಿಗೆ ಅದು ಮೊದಲ ಆಯ್ಕೆ ಆಗಬೇಕಿರುವುದು ಇದಕ್ಕೇ.

3. ನಿಮ್ಮದೇ ಕೀ: ಕಂಟ್ರೋಲ್ + ಆಲ್ಟ್ + ಅಕ್ಷರ

ಡೆಸ್ಕ್‌ಟಾಪ್‌ನಲ್ಲಿರುವ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆಯಿರಿ. 'ಶಾರ್ಟ್‌ಕಟ್ ಕೀ' ಎಂಬ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ ಒಂದು ಅಕ್ಷರ ಒತ್ತಿದರೆ ಕಂಟ್ರೋಲ್ + ಆಲ್ಟ್ ತಾನಾಗಿಯೇ ಸೇರಿಕೊಳ್ಳುತ್ತದೆ. ಓಕೆ ಕೊಡಿ. ಈ ಶಾರ್ಟ್‌ಕಟ್ ಡೆಸ್ಕ್‌ಟಾಪ್ ಅಥವಾ ಸ್ಟಾರ್ಟ್ ಮೆನುವಿನಲ್ಲೇ ಇರಬೇಕು. ಬೇರೆ ಫೋಲ್ಡರ್‌ಗೆ ಸಾಗಿಸಿದರೆ ಕೀ ಕೆಲಸ ಮಾಡುವುದಿಲ್ಲ.

ಒಂದು ಎಚ್ಚರ: ಇಂಗ್ಲಿಷ್ (ಇಂಡಿಯಾ) ಕೀಬೋರ್ಡ್‌ನಲ್ಲಿ ಕಂಟ್ರೋಲ್ + ಆಲ್ಟ್ + 4 ಒತ್ತಿದರೆ ರೂಪಾಯಿ ಚಿಹ್ನೆ ₹ ಬರುತ್ತದೆ. ಬಿಲ್ ಮಾಡುವವರು ಆ 4ನ್ನು ಬೇರೆ ಕೆಲಸಕ್ಕೆ ಕೊಡಬೇಡಿ.

4. ಬೆಳಿಗ್ಗೆ ತಾನೇ ತೆರೆಯಲಿ

ಅಂಗಡಿ ಬಾಗಿಲು ತೆಗೆದ ಕೂಡಲೇ ಬೇಕಾಗುವ ಎರಡು ಪ್ರೋಗ್ರಾಂ ಕಂಪ್ಯೂಟರ್ ಆನ್ ಆದಾಗ ತಾವೇ ತೆರೆದುಕೊಳ್ಳುವಂತೆ ಮಾಡಬಹುದು. ವಿಂಡೋಸ್ ಕೀ + ಆರ್ ಒತ್ತಿ, ಇಂಗ್ಲಿಷ್‌ನಲ್ಲಿ ಶೆಲ್, ಕೋಲನ್ ಚಿಹ್ನೆ, ಸ್ಟಾರ್ಟಪ್ ಅಂತ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ತೆರೆಯುವ ಫೋಲ್ಡರ್‌ಗೆ ಆ ಪ್ರೋಗ್ರಾಂಗಳ ಶಾರ್ಟ್‌ಕಟ್ ಕಾಪಿ ಮಾಡಿದರೆ ಸಾಕು. ಹತ್ತು ತುಂಬಿಸಿದರೆ ಕಂಪ್ಯೂಟರ್ ಏಳೋದೇ ತಡವಾಗುತ್ತದೆ.

ಕೀ ಒತ್ತಿದರೂ ತೆರೆಯೋಕೆ ತಡ ಆಗ್ತಿದೆಯಾ?

ಪ್ರೋಗ್ರಾಂಗೆ ಬೇಗ ತಲುಪುವುದು ಬೇರೆ, ಅದು ಬೇಗ ತೆರೆಯುವುದು ಬೇರೆ. ಕೀ ಒತ್ತಿದ ಮೇಲೂ ಅರ್ಧ ನಿಮಿಷ ಕಾಯಬೇಕಿದ್ದರೆ ದೋಷ ಕಂಪ್ಯೂಟರ್‌ನದು. ಕಂಟ್ರೋಲ್ + ಶಿಫ್ಟ್ + ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದರ ಸ್ಟಾರ್ಟಪ್ ಭಾಗದಲ್ಲಿ ಬೇಡದ ಪ್ರೋಗ್ರಾಂಗಳನ್ನು 'ಡಿಸೇಬಲ್' ಮಾಡಿ. ಆ್ಯಂಟಿವೈರಸ್, ಪ್ರಿಂಟರ್ ಮತ್ತು ಬಯೋಮೆಟ್ರಿಕ್ ಯಂತ್ರಕ್ಕೆ ಸಂಬಂಧಿಸಿದ್ದನ್ನು ಮುಟ್ಟಬೇಡಿ. ಡಿಸ್ಕ್ ಬಳಕೆ ಸದಾ ಶೇ 100ರ ಹತ್ತಿರವೇ ಇದ್ದು, ಕಂಪ್ಯೂಟರ್‌ನಲ್ಲಿರುವುದು ತಿರುಗುವ ಹಳೆ ಹಾರ್ಡ್ ಡಿಸ್ಕ್ ಆಗಿದ್ದರೆ ಎಸ್‌ಎಸ್‌ಡಿ ಹಾಕಿಸುವುದೇ ನಿಜವಾದ ಪರಿಹಾರ. ಬದಲಿಸುವ ಮುಂಚೆ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಕಾಗದದಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಳ್ಳಿ

- ವಿಂಡೋಸ್ ಕೀ + 1 ರಿಂದ 9, ಮತ್ತು 0: ಪಿನ್ ಮಾಡಿದ ಪ್ರೋಗ್ರಾಂ
- ವಿಂಡೋಸ್ ಕೀ, ನಂತರ ಹೆಸರಿನ ಅಕ್ಷರ: ಉಳಿದ ಎಲ್ಲ ಪ್ರೋಗ್ರಾಂ
- ವಿಂಡೋಸ್ ಕೀ + ಇ: ಫೈಲ್ ಫೋಲ್ಡರ್
- ವಿಂಡೋಸ್ ಕೀ + ಡಿ: ಡೆಸ್ಕ್‌ಟಾಪ್
- ವಿಂಡೋಸ್ ಕೀ + ಸ್ಪೇಸ್: ಕನ್ನಡ–ಇಂಗ್ಲಿಷ್ ಬದಲಾವಣೆ
- ಆಲ್ಟ್ + ಟ್ಯಾಬ್: ತೆರೆದಿರುವ ಪ್ರೋಗ್ರಾಂಗಳ ನಡುವೆ ಓಡಾಟ

ಎಲ್ಲವನ್ನೂ ಒಂದೇ ದಿನ ಕಲಿಯಬೇಕಿಲ್ಲ. ಈ ವಾರ ಮೊದಲ ಮೂರು ಅಂಕಿ ರೂಢಿ ಮಾಡಿಕೊಂಡರೆ ಸಾಕು, ಉಳಿದದ್ದು ತಾನಾಗಿಯೇ ಬರುತ್ತದೆ.