ಕೋರ್ಟಿನಲ್ಲಿ ಖುಲಾಸೆಯಾದದ್ದು ಪುಸ್ತಕದಲ್ಲಿ ಖುಲಾಸೆಯಾಗಬಾರದು



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. "ಅಣ್ಣ, ಓದೋಕೆ ಒಳ್ಳೆ ಪುಸ್ತಕ ಇದ್ರೆ ಹೇಳಿ" ಅಂತ ಇನ್‌ಬಾಕ್ಸಿಗೆ ಬಂದು ಕೇಳಿದವರೆಲ್ಲರಿಗೂ ಸೇರಿ ಒಂದೇ ಉತ್ತರ ಇದು. ಆದ್ರೆ ಬರೀ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳೋಕೆ ಮನಸ್ಸಾಗಲಿಲ್ಲ. ಯಾಕೆ ಅಂತ ಮೊದಲು ಹೇಳ್ತೀನಿ.

ಅಂಬೇಡ್ಕರ್ ಜಯಂತಿಗೆ ಒಂದು ಹಾಸ್ಟೆಲಿಗೆ ಮಾತಾಡೋಕೆ ಹೋಗಿದ್ದೆ. ನಾವು ಭಾಷಣಕಾರರು ಒಂದು ಚಾಳಿ ಬೆಳೆಸಿಕೊಂಡಿದ್ದೀವಿ. ಬೆಂಡಿಗೇರಿ, ಬದನವಾಳು, ಕಂಬಾಲಪಲ್ಲಿ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡ್ತೀವಿ. ಮಂತ್ರ ಹೇಳಿದ ಹಾಗೆ. ಅವತ್ತೂ ಹಾಗೇ ಹೇಳಿದೆ. ಚಪ್ಪಾಳೆ ಬಿತ್ತು. ಕಾರ್ಯಕ್ರಮ ಮುಗಿದ ಮೇಲೆ ಸೆಕೆಂಡ್ ಪಿಯುಸಿ ಹುಡುಗ ಒಬ್ಬ ಹತ್ತಿರ ಬಂದು, "ಸಾರ್, ಕಂಬಾಲಪಲ್ಲಿ ಅಂದ್ರೆ ಏನು?" ಅಂದ.

ಅವನ ತಪ್ಪಲ್ಲ. 2000ದ ಮಾರ್ಚ್ 11ರಂದು ಅವನು ಹುಟ್ಟೇ ಇರಲಿಲ್ಲ. ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಅವತ್ತು ಏಳು ಜನ ದಲಿತರನ್ನು ಮನೆಯೊಳಗೆ ಜೀವಂತ ಸುಟ್ಟರು ಅಂತ ಹೇಳಿದೆ. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು ಅಂತ ಹೇಳಿದೆ. ಹುಡುಗ ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಹಾಗಾದ್ರೆ ಅವರನ್ನ ಯಾರೂ ಸುಡಲಿಲ್ವಾ ಸಾರ್?" ಅಂದ. ನಾನು ಉತ್ತರ ಹುಡುಕ್ತಾ ಇರುವಾಗಲೇ ಇನ್ನೊಂದು ಕೇಳಿದ. "ಇದರ ಬಗ್ಗೆ ಯಾವ ಪುಸ್ತಕ ಓದಬೇಕು?"

ನನ್ನ ಬಾಯಿ ಕಟ್ಟಿತು.

ನನ್ನ ಟ್ರಂಕಿನಲ್ಲಿ ಆಗಿನ ಪೇಪರ್ ಕಟಿಂಗ್ಸ್ ಇವೆ. ಸಂಘಟನೆಗಳು ಹಂಚಿದ ಕರಪತ್ರಗಳಿವೆ, ಅರ್ಧ ಇಲಿ ತಿಂದಿದೆ. ಆದ್ರೆ ಹದಿನೇಳು ವರ್ಷದ ಹುಡುಗನ ಕೈಗೆ ಇಟ್ಟು "ತಗೋ, ರಾತ್ರಿಯೆಲ್ಲ ಕೂತು ಓದು" ಅನ್ನುವಂಥ ಒಂದು ಕಾದಂಬರಿ, ಒಂದು ಆತ್ಮಕಥೆ ನನ್ನ ನಾಲಿಗೆಗೆ ಬರಲಿಲ್ಲ. ಬಸ್ಸಲ್ಲಿ ವಾಪಸ್ ಬರುವಾಗ ಅದೇ ಯೋಚನೆ. ಬೇರೆ ಕಡೆಯ ನಮ್ಮ ಜನ ಈ ಕೆಲಸ ಹೇಗೆ ಮಾಡಿದ್ದಾರೆ? ನಾನು ಓದಿದ್ದರಲ್ಲಿ ಯಾವುದು ಈ ಪ್ರಶ್ನೆಗೆ ಹತ್ತಿರ ಬರುತ್ತೆ? ಕೆಳಗಿನ ಪಟ್ಟಿ ಹಾಗೆ ಹುಟ್ಟಿದ್ದು.

ಮೊದಲನೆಯದು ಮೀನಾ ಕಂದಸಾಮಿ ಅವರ 'ದಿ ಜಿಪ್ಸಿ ಗಾಡೆಸ್'. 2014ರಲ್ಲಿ ಇಂಗ್ಲಿಷಿನಲ್ಲಿ ಬಂದ ಕಾದಂಬರಿ. ಇದರ ವಸ್ತು ಕೀಳ್ವೆಣ್ಮಣಿ. ಆಗಿನ ತಂಜಾವೂರು ಜಿಲ್ಲೆ, 1968ರ ಡಿಸೆಂಬರ್ 25. ಗದ್ದೆಯಲ್ಲಿ ದುಡಿಯುವ ಜನ ಕೆಂಬಾವುಟ ಹಿಡಿದು ಕೂಲಿ ಭತ್ತ ಸ್ವಲ್ಪ ಜಾಸ್ತಿ ಕೊಡಿ ಅಂತ ಕೇಳಿದರು, ಅಷ್ಟೇ. ಭೂಮಾಲೀಕರು ಆಳು ಕಟ್ಟಿಕೊಂಡು ಬಂದಾಗ ಜೀವ ಉಳಿಸಿಕೊಳ್ಳೋಕೆ ಒಂದು ಗುಡಿಸಲಿಗೆ ನುಗ್ಗಿದವರನ್ನು ಬೆಂಕಿ ಹಚ್ಚಿ ಸುಟ್ಟರು. ಸತ್ತವರು 44 ಜನ. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. ಮದ್ರಾಸ್ ಹೈಕೋರ್ಟು ಬಿಟ್ಟು ಕಳಿಸಿತು. ಇಷ್ಟು ದೊಡ್ಡ ಜಮೀನುದಾರರು ತಾವೇ ಖುದ್ದಾಗಿ ಹೋಗಿ ಬೆಂಕಿ ಇಡ್ತಾರೆ ಅನ್ನೋದು ನಂಬೋಕೆ ಕಷ್ಟ ಅನ್ನೋ ಧಾಟಿಯಲ್ಲಿ ಆ ತೀರ್ಪು ಮಾತಾಡಿತ್ತು. ಜಮೀನು ಇದ್ದದ್ದೇ ಅವರಿಗೆ ಒಳ್ಳೆ ನಡತೆಯ ಸರ್ಟಿಫಿಕೇಟು.

ಇಲ್ಲೊಂದು ಸಂಗತಿ ಗಮನಿಸಿ. ಕೀಳ್ವೆಣ್ಮಣಿ ಬಗ್ಗೆ ಮೀನಾ ಅವರದ್ದು ಮೊದಲ ಕಾದಂಬರಿ ಅಲ್ಲ. ಇಂದಿರಾ ಪಾರ್ಥಸಾರಥಿ ಅವರು 1975ರಲ್ಲೇ ತಮಿಳಿನಲ್ಲಿ 'ಕುರುದಿಪ್ಪುನಲ್' ಬರೆದಿದ್ದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅದರಲ್ಲಿ ಜಮೀನುದಾರನ ಕ್ರೌರ್ಯಕ್ಕೆ ಅವನ ಗಂಡಸುತನದ ಕೊರತೆಯನ್ನು ಕಾರಣವಾಗಿ ತರಲಾಗಿದೆ. ಆವಾಗಲೇ ಎಡಪಂಥೀಯರಿಂದ ಇದಕ್ಕೆ ವಿರೋಧ ಬಂತು. ಯೋಚನೆ ಮಾಡಿ. ಕೂಲಿ, ಜಾತಿ, ಭೂಮಿಯ ಪ್ರಶ್ನೆ ಒಬ್ಬ ಮನುಷ್ಯನ ಹಾಸಿಗೆಯ ಸಮಸ್ಯೆ ಆಗಿಬಿಟ್ಟರೆ 44 ಜನ ಸತ್ತಿದ್ದು ಯಾತಕ್ಕೆ? ಮೀನಾ ಅವರ ಕಾದಂಬರಿ ಶುರುವಾಗೋದೇ ಭೂಮಾಲೀಕರ ಸಂಘ ಮುಖ್ಯಮಂತ್ರಿಗೆ ಬರೆದ ಮನವಿಪತ್ರದ ರೂಪದಲ್ಲಿ. ಕೊಲ್ಲುವವರು ಎಷ್ಟು ವಿನಯದಿಂದ ಅರ್ಜಿ ಬರೀತಾರೆ ಅನ್ನೋದು ಗೊತ್ತಾಗುತ್ತೆ. ಕಥೆ ಹೇಳೋ ರೀತಿ ತಿರುಚು ಮುರುಚು ಇದೆ, ಮೊದಲ ಐವತ್ತು ಪುಟ ಸತಾಯಿಸುತ್ತೆ. ಬಿಡಬೇಡಿ.

ಎರಡನೆಯದು ಜಿ. ಕಲ್ಯಾಣರಾವ್ ಅವರ 'ಅಂಟರಾನಿ ವಸಂತಂ'. ತೆಲುಗಿನಲ್ಲಿ ಬಂದದ್ದು 2000ದಲ್ಲಿ, ಅಂದರೆ ಕಂಬಾಲಪಲ್ಲಿ ಉರಿದ ವರ್ಷವೇ. ಇಂಗ್ಲಿಷಿನಲ್ಲಿ 'ಅನ್‌ಟಚಬಲ್ ಸ್ಪ್ರಿಂಗ್' ಅಂತ 2010ರಲ್ಲಿ ಸಿಕ್ಕಿತು. ರೂತ್ ಅನ್ನೋ ಮುದುಕಿ ತನ್ನ ಗಂಡನ ಮನೆತನದ ತಲೆಮಾರುಗಳನ್ನು ನೆನಪು ಮಾಡಿಕೊಳ್ತಾ ಹೋಗ್ತಾಳೆ. ಹಾಡು ಕಟ್ಟುವ ಎಲ್ಲನ್ನ, ಅವನ ಹೆಂಡತಿ ಸುಭದ್ರ, ಬರಗಾಲದಲ್ಲಿ ಊರು ಬಿಟ್ಟು ಕಾಲುವೆ ಅಗೆಯೋಕೆ ಹೋಗುವ ಶಿವಯ್ಯ, ಅವನು ಕ್ರೈಸ್ತನಾಗೋದು, ಆದರೂ ಜಾತಿ ಬೆನ್ನು ಬಿಡದಿರೋದು. ನಮ್ಮಜ್ಜಿ ಓದು ಬರಹ ಬಲ್ಲವಳಲ್ಲ. ಆದ್ರೆ ಯಾರ ಹೊಲದಲ್ಲಿ ಯಾರು ಎಷ್ಟು ವರ್ಷ ಜೀತ ಇದ್ದರು, ಯಾವ ಬರಕ್ಕೆ ಯಾವ ಮಗು ಸತ್ತಿತು ಅಂತ ದಿನ ಹಿಡಿದು ಹೇಳೋಳು. ಅವಳು ಸತ್ತ ಮೇಲೆ ಆ ಲೈಬ್ರರಿ ಮುಚ್ಚಿಹೋಯ್ತು. ಈ ಕಾದಂಬರಿ ಓದುವಾಗ ನಾನು ಅತ್ತಿದ್ದು ಅದಕ್ಕೇ.

ಈ ಕಾದಂಬರಿಯ ಹಿಂದೆ ಕಾರಂಚೇಡು ಇದೆ. ಪ್ರಕಾಶಂ ಜಿಲ್ಲೆ, 1985ರ ಜುಲೈ 17. ದಲಿತರು ಕುಡಿಯುವ ಕೆರೆಯ ನೀರನ್ನು ಮೇಲ್ಜಾತಿಯ ಹುಡುಗರು ಗಲೀಜು ಮಾಡ್ತಿದ್ದಾಗ ತಡೆದದ್ದು ಸುವಾರ್ತ ಅನ್ನೋ ಮಾದಿಗರ ಹೆಣ್ಣುಮಗಳು. ಮಾರನೇ ಬೆಳಿಗ್ಗೆ ಕೇರಿಯ ಮೇಲೆ ದಾಳಿ ಮಾಡಿ ಆರು ಜನರನ್ನು ಕೊಂದರು. ಆದ್ರೆ ಉಳಿದವರು ಆ ಊರಿಗೆ ವಾಪಸ್ ಹೋಗಲಿಲ್ಲ. ಚೀರಾಲದಲ್ಲಿ ಶಿಬಿರ ಹಾಕಿ ಕೂತರು. ಆ ಶಿಬಿರದಿಂದ ದಲಿತ ಮಹಾಸಭಾ ಎದ್ದು ಬಂತು. ಕತ್ತಿ ಪದ್ಮರಾವ್, ಬೊಜ್ಜಾ ತಾರಕಂ ಅವರಂಥ ನಾಯಕರು ಬಂದರು, ಹಾಡು ಬಂದವು, ಪದ್ಯ ಬಂದವು, ಕಾದಂಬರಿ ಬಂತು. ಕೇಸು 2008ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದಾಗ ಅಲ್ಲಿ ಶಿಕ್ಷೆಯೂ ಆಯ್ತು. 23 ವರ್ಷ ಹಿಡೀತು ನಿಜ. ಆ 23 ವರ್ಷ ವಿಷಯ ತಣ್ಣಗಾಗದ ಹಾಗೆ ನೋಡಿಕೊಂಡವರಲ್ಲಿ ಬರೆಯುವವರೂ ಹಾಡುವವರೂ ಇದ್ದರು.

ಮೂರನೆಯದು ಸುಜಾತಾ ಗಿಡ್ಲಾ ಅವರ 'ಆಂಟ್ಸ್ ಅಮಾಂಗ್ ಎಲಿಫೆಂಟ್ಸ್', 2017. ಕಾದಂಬರಿ ಅಲ್ಲ, ಒಂದು ಕುಟುಂಬದ ಚರಿತ್ರೆ. ಕಾಜಿಪೇಟೆಯಲ್ಲಿ ಬೆಳೆದ ಗಿಡ್ಲಾ ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಕಂಡಕ್ಟರ್ ಕೆಲಸ ಮಾಡ್ತಾ ಇದನ್ನು ಬರೆದರು. ಅವರ ಸೋದರಮಾವ ಕೆ.ಜಿ. ಸತ್ಯಮೂರ್ತಿ, 'ಶಿವಸಾಗರ್' ಅನ್ನೋ ಹೆಸರಿನ ಕವಿ, ಪೀಪಲ್ಸ್ ವಾರ್ ಗ್ರೂಪ್ ಕಟ್ಟಿದವರಲ್ಲೊಬ್ಬರು. ಕ್ರಾಂತಿಯ ಪಾರ್ಟಿಯೊಳಗೂ ಜಾತಿ ಹೇಗೆ ಚಾಪೆ ಹಾಸಿಕೊಂಡು ಮಲಗಿತ್ತು ಅಂತ ಗೊತ್ತಾಗಬೇಕಾದ್ರೆ ಓದಿ. ಅದಕ್ಕಿಂತ ಹೆಚ್ಚಾಗಿ ಅವರ ತಾಯಿ ಮಂಜುಳಾ ಅವರ ಭಾಗ ಓದಿ. ಮಾವ ಕ್ರಾಂತಿ ಮಾಡ್ತಿದ್ದಾಗ ಮನೆಯಲ್ಲಿ ಅಕ್ಕಿ ಯಾರು ತರ್ತಿದ್ದರು ಅನ್ನೋದು ಅಲ್ಲಿದೆ. ನಮ್ಮ ಸಂಘಟನೆಯ ಗಂಡಸರು, ನನ್ನನ್ನೂ ಸೇರಿಸಿ, ಈ ಭಾಗ ಎರಡು ಸಲ ಓದಬೇಕು.

ನಾಲ್ಕನೆಯದು ಮನೋರಂಜನ್ ಬ್ಯಾಪಾರಿ. ಬಂಗಾಳಿ ಆತ್ಮಕಥೆ, ಇಂಗ್ಲಿಷಿನಲ್ಲಿ 'ಇಂಟರಾಗೇಟಿಂಗ್ ಮೈ ಚಾಂಡಾಲ್ ಲೈಫ್'. ಜೈಲಿನಲ್ಲಿ ಅಕ್ಷರ ಕಲಿತವರು. ಆಮೇಲೆ ಕಲ್ಕತ್ತದಲ್ಲಿ ರಿಕ್ಷಾ ಎಳೀತಿದ್ದಾಗ ತಮ್ಮ ರಿಕ್ಷಾ ಹತ್ತಿದ ಒಬ್ಬ ಹೆಂಗಸನ್ನು, 'ಜಿಜೀವಿಷೆ' ಅಂದ್ರೆ ಏನು ಅಂತ ಕೇಳಿದರು. ಆಕೆ ಮಹಾಶ್ವೇತಾ ದೇವಿ. ಅವರೇ ಬರೆಯೋಕೆ ಹಚ್ಚಿದರು. ಈ ಪುಸ್ತಕದಿಂದ ನನಗೆ ಗೊತ್ತಾದದ್ದು ಮರಿಚ್‌ಝಾಪಿ. ದೇಶ ಒಡೆದಾಗ ಓಡಿಬಂದ ನಾಮಶೂದ್ರ ನಿರಾಶ್ರಿತರನ್ನು ದಂಡಕಾರಣ್ಯಕ್ಕೆ ತಳ್ಳಿದ್ದರು. ಅಲ್ಲಿಂದ ವಾಪಸ್ ಬಂದು ಸುಂದರಬನದ ಒಂದು ದ್ವೀಪದಲ್ಲಿ ತಾವೇ ಊರು ಕಟ್ಟಿಕೊಂಡವರನ್ನು 1979ರಲ್ಲಿ ಎಡರಂಗ ಸರ್ಕಾರ ದಿಗ್ಬಂಧನ ಹಾಕಿ, ಗುಂಡು ಹಾರಿಸಿ ಒಕ್ಕಲೆಬ್ಬಿಸಿತು. ಎಷ್ಟು ಜನ ಸತ್ತರು ಅನ್ನೋ ಲೆಕ್ಕ ಇವತ್ತಿಗೂ ಜಗಳದಲ್ಲಿದೆ. ಸರ್ಕಾರ ಬರೆದಿಟ್ಟ ಲೆಕ್ಕವನ್ನು ನಂಬದಿರೋಕೆ ಇಂಥ ಪುಸ್ತಕ ಬೇಕು.

ಐದನೆಯದು ಆನಂದ್ ತೇಲ್ತುಂಬ್ಡೆ ಅವರ 'ದಿ ಪರ್ಸಿಸ್ಟೆನ್ಸ್ ಆಫ್ ಕಾಸ್ಟ್'. ಖೈರ್ಲಾಂಜಿಯಲ್ಲಿ 2006ರ ಸೆಪ್ಟೆಂಬರ್ 29ರಂದು ಭೋತ್‌ಮಾಂಗೆ ಕುಟುಂಬದ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರೇ ಸೇರಿ ಕೊಂದದ್ದರ ಬಗ್ಗೆ. ಶಿಕ್ಷೆಯೇನೋ ಆಯ್ತು, ಆದ್ರೆ ಕೋರ್ಟು ದೌರ್ಜನ್ಯ ತಡೆ ಕಾಯ್ದೆಯನ್ನೇ ಅನ್ವಯಿಸಲಿಲ್ಲ. ಕೊಲೆ ಆಗಿದೆ, ಜಾತಿ ಇಲ್ಲ! ತೇಲ್ತುಂಬ್ಡೆ ಜಾತಿಯನ್ನು ಜಮೀನು, ಪೊಲೀಸು, ಪತ್ರಿಕೆ, ರಾಜಕೀಯ ಎಲ್ಲದರ ಜೊತೆ ಇಟ್ಟು ಬಿಡಿಸಿ ತೋರಿಸ್ತಾರೆ. ಅವರೇ 2020ರ ಏಪ್ರಿಲ್ 14ರಂದು, ಬಾಬಾಸಾಹೇಬರ ಜಯಂತಿಯ ದಿನ, ಜೈಲಿಗೆ ಹೋಗಬೇಕಾಯ್ತು ಅನ್ನೋದನ್ನು ಮರೀಬೇಡಿ.

ಈಗ ನಮ್ಮ ಮನೆಗೆ ಬರೋಣ. ಕನ್ನಡದಲ್ಲಿ ಏನೂ ಇಲ್ಲ ಅಂತ ನಾನು ಹೇಳ್ತಿಲ್ಲ. ಹಾಗಂದ್ರೆ ನಮ್ಮ ಹಿರಿಯರಿಗೆ ದ್ರೋಹ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಿದ್ದಕ್ಕೆ ರಾಜ್ಯದಲ್ಲೆಲ್ಲ ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ಮಂತ್ರಿ ಪದವಿ ಬಿಡಬೇಕಾಯ್ತು. ಅದೇ ಹೊತ್ತಿಗೆ ದೇವನೂರ ಮಹಾದೇವ ಅವರ 'ದ್ಯಾವನೂರು' ಬಂತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು'. ಬೂಸಾ ಅಂದಿದ್ದು ತಪ್ಪು ಅಂದವರಿಗೆ ನಮ್ಮವರು ಬರೆದೇ ಉತ್ತರ ಕೊಟ್ಟರು.

ಸಿದ್ಧಲಿಂಗಯ್ಯನವರ 'ಊರುಕೇರಿ' ಓದದೇ ಇದ್ದರೆ ಇವತ್ತೇ ತಗೊಳ್ಳಿ. ಮಂಚನಬೆಲೆಯಲ್ಲಿ ಎತ್ತಿನ ಜಾಗದಲ್ಲಿ ಮನುಷ್ಯರ ಹೆಗಲಿಗೆ ನೊಗ ಇಟ್ಟು ಉಳುವ ದೃಶ್ಯ ನಿಮ್ಮನ್ನು ಬಿಡಲ್ಲ. ಅದೇ ಪುಸ್ತಕ ಹೊಟ್ಟೆ ಹುಣ್ಣಾಗೋ ಹಾಗೆ ನಗಿಸುತ್ತೆ ಕೂಡ. ಅರವಿಂದ ಮಾಲಗತ್ತಿ ಅವರ 'ಗೌರ್ಮೆಂಟ್ ಬ್ರಾಹ್ಮಣ' ಚಿಕ್ಕ ಚಿಕ್ಕ ಪ್ರಸಂಗಗಳು, ಹಾಸ್ಟೆಲಿನಲ್ಲಿ ಜೋರಾಗಿ ಓದೋಕೆ ಹೇಳಿ ಮಾಡಿಸಿದ್ದು. 'ಕುಸುಮಬಾಲೆ' ಕಷ್ಟ ಅಂತ ಹೆದರಿಸ್ತಾರೆ. ನಂಬಬೇಡಿ. ನಂಜನಗೂಡು, ಚಾಮರಾಜನಗರ ಕಡೆಯ ಗೆಳೆಯರ ಕೈಲಿ ಗಟ್ಟಿಯಾಗಿ ಓದಿಸಿ ಕೇಳಿ. ಮೇಲ್ಜಾತಿ ಹುಡುಗಿಯನ್ನು ಪ್ರೀತಿಸಿದ್ದಕ್ಕೆ ಪ್ರಾಣ ಕಳಕೊಂಡ ಚೆನ್ನನ ಕಥೆ ಅದು. ನಾವು ಇವತ್ತು ಮರ್ಯಾದೆಗೇಡು ಹತ್ಯೆ ಅಂತ ಬ್ಯಾನರ್ ಹಿಡಿಯೋ ವಿಷಯ 1984ರಲ್ಲೇ ಅಲ್ಲಿದೆ. ಈಚಿನವರಲ್ಲಿ ಗುರುಪ್ರಸಾದ್ ಕಂಟಲಗೆರೆ ಅವರ 'ಟ್ರಂಕು ತಟ್ಟೆ' ಓದಿ. ಹಾಸ್ಟೆಲಿನಲ್ಲಿ ಬೆಳೆದ ಯಾರಿಗೇ ಆದರೂ ಅದು ತಮ್ಮದೇ ಟ್ರಂಕು, ತಮ್ಮದೇ ತಟ್ಟೆ.

ಇಷ್ಟೆಲ್ಲ ಇದ್ದೂ ಆ ಹುಡುಗನ ಪ್ರಶ್ನೆ ಹಾಗೇ ಉಳೀತು. 1987ರಲ್ಲಿ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. 1993ರಲ್ಲಿ ದೇವಸ್ಥಾನದ ಪ್ರವೇಶದ ನಂತರ ಬದನವಾಳಿನಲ್ಲಿ ಮೂವರನ್ನು ಕೊಂದರು. ಆಮೇಲೆ ಕಂಬಾಲಪಲ್ಲಿ. ನಮ್ಮಲ್ಲಿ 'ನಾನು' ಅಂತ ಹೇಳುವ ಒಳ್ಳೆ ಆತ್ಮಕಥೆಗಳು ಬಂದವು. ಆದ್ರೆ ಒಂದು ಊರು, ಒಂದು ರಾತ್ರಿ, ಒಂದು ಕೋರ್ಟು ಇವನ್ನು ಹಿಡಿದು ಕೂತ ದೊಡ್ಡ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ನಿಮ್ಮ ಕೈಗೆ ಸಿಕ್ಕಿದ್ದರೆ ಕಾಮೆಂಟಿನಲ್ಲಿ ಹೆಸರು ಹಾಕಿ. ನಾನು ಕೊಂಡು ಆ ಹುಡುಗನಿಗೆ ತಲುಪಿಸ್ತೀನಿ.

"ಕಾದಂಬರಿ ಓದಿದ್ರೆ ಭೂಮಿ ಸಿಗುತ್ತಾ, ನ್ಯಾಯ ಸಿಗುತ್ತಾ?" ಅಂತ ಕೆಲವು ಸಂಗಾತಿಗಳು ಕೇಳ್ತಾರೆ. ಸಿಗಲ್ಲ. ಕೋರ್ಟು ಮಾಡಬೇಕಾದ ಕೆಲಸ ಕೋರ್ಟೇ ಮಾಡಬೇಕು. 2014ರ ಮರಕುಂಬಿ ದೌರ್ಜನ್ಯಕ್ಕೆ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಕೊಟ್ಟಾಗ ನಾನೂ ಸಿಹಿ ಹಂಚಿದವನೇ. ಕೆಲವೇ ವಾರಗಳಲ್ಲಿ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿದ್ದನ್ನೂ ನೋಡಿದ್ದೀನಿ. ಸಾಕ್ಷಿ ಹೇಳೋಕೆ ಹೋದವರು ಅದೇ ಊರಲ್ಲಿ ಅದೇ ಜಮೀನುದಾರರ ನಡುವೆ ಬದುಕಬೇಕು. ಅವರು ತಿರುಗಿಬಿದ್ದರೆ ನಾನು ಬೈಯೋದಿಲ್ಲ. ಅವರು ಕೋರ್ಟಿನಲ್ಲಿ ಹೇಳೋಕಾಗದ್ದನ್ನು ಹೇಳಿಕೊಳ್ಳೋಕೆ ಇನ್ನೊಂದು ಜಾಗ ಬೇಕು ಅಂತಷ್ಟೇ ನನ್ನ ಮಾತು.

ಅದಕ್ಕೇ ಎರಡು ಕೆಲಸ. ಒಂದು, ಮೇಲಿನ ಪುಸ್ತಕಗಳಲ್ಲಿ ಒಂದನ್ನಾದರೂ ಐದಾರು ಜನ ಸೇರಿ ಓದಿ. ಇಂಗ್ಲಿಷ್ ಬರೋರು ಬರದವರಿಗೆ ಕನ್ನಡದಲ್ಲಿ ಹೇಳ್ತಾ ಓದಿ, ದುಡ್ಡಿಲ್ಲದಿದ್ರೆ ಒಂದೇ ಪ್ರತಿ ಕೈ ಬದಲಾಯಿಸಿ. ಎರಡು, ನಿಮ್ಮ ತಾಲ್ಲೂಕಿನಲ್ಲಿ ನಡೆದ ಒಂದು ದೌರ್ಜನ್ಯದ ಬಗ್ಗೆ, ಕಂಡ ಹಿರಿಯರು ಬದುಕಿರುವಾಗಲೇ, ಅವರು ಒಪ್ಪಿದರೆ, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಡಿ. ಹೆಸರು, ದಿನ, ಸ್ಥಳ ಬರೆದಿಡಿ. ಫೇಸ್‌ಬುಕ್ಕಿಗೆ ಹಾಕೋಕೆ ಅವಸರ ಬೇಡ, ಅವರ ಜೀವ ಮೊದಲು. ಕಾದಂಬರಿ ಯಾರು ಬರೀತಾರೋ ಗೊತ್ತಿಲ್ಲ. ಬಹುಶಃ ಆ ಸೆಕೆಂಡ್ ಪಿಯುಸಿ ಹುಡುಗನೇ ಬರೀಬಹುದು. ಅವನಿಗೆ ಸಾಮಗ್ರಿ ನಾವು ಕೂಡಿಡೋಣ.

ನಾನು ನನ್ನ ಟ್ರಂಕು ತೆಗೆದಿದ್ದೀನಿ. ಇಲಿ ತಿನ್ನದೇ ಬಿಟ್ಟ ಕರಪತ್ರಗಳನ್ನು ಈ ವಾರ ಸ್ಕ್ಯಾನ್ ಮಾಡಿಸ್ತಿದ್ದೀನಿ. ನಿಮ್ಮ ಅಟ್ಟದ ಮೇಲೆ ಏನಿದೆ ನೋಡಿ.

ಜೈಭೀಮ್.