ಅಂಕವೂ ಆಕಾಶವಾಣಿಯೂ

ವಿದ್ಯಾರ್ಥಿಯ ಶಕ್ತಿಯನ್ನು ಅಳೆಯುವ ಶಾಸ್ತ್ರವೂ, ದೂರದವರಿಗೆ ಮಾತು ಮುಟ್ಟಿಸುವ ಯಂತ್ರವೂ ಒಬ್ಬರೇ ಅಧ್ಯಾಪಕರ ಆಸಕ್ತಿಯಲ್ಲಿ ಕೂಡಿಬಂದ ಪ್ರಸಂಗವೊಂದು ನಮ್ಮ ಮೈಸೂರಿನ ಇತಿಹಾಸದಲ್ಲಿದೆ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಮನಶ್ಶಾಸ್ತ್ರಜ್ಞರು. ಬುದ್ಧಿಶಕ್ತಿಯನ್ನು ಪರೀಕ್ಷೆಗಳ ಮೂಲಕ ಲೆಕ್ಕಕ್ಕೆ ತರಬಹುದೆಂಬ ವಾದಕ್ಕೆ ಗಣಿತದ ಬುನಾದಿ ಹಾಕಿದವರು ಸ್ಪಿಯರ್‌ಮನ್. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಗೋಪಾಲಸ್ವಾಮಿಯವರೇ 1935ರ ಸೆಪ್ಟೆಂಬರ್ 10ರಂದು, ತಮ್ಮ ಮನೆಯಿಂದ, 30 ವಾಟಿನ ಪುಟ್ಟ ಪ್ರೇಷಕವೊಂದರಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಸಂದ ‘ಆಕಾಶವಾಣಿ’ ಎಂಬ ಹೆಸರನ್ನು ಆ ಕೇಂದ್ರ ಹೊತ್ತಿತ್ತು.

ಅಳತೆಯೂ ಪ್ರಸಾರವೂ ಒಂದೇ ಮನೆಯಲ್ಲಿದ್ದರೂ ಅವೆರಡರ ನಡುವೆ ಸೇತುವೆ ಇರಲಿಲ್ಲ. ಬಾನುಲಿ ಮಾತನಾಡುತ್ತದೆ; ಮರುಮಾತನ್ನು ಕೇಳದು. ಕೇಳಿದವನಿಗೆ ಏನು ಅರ್ಥವಾಯಿತೆಂಬುದು ಹೇಳಿದವನಿಗೆ ತಿಳಿಯದು. ಈ ಮಾತನ್ನು ಮೈಕಿನ ಮುಂದೆ ಕುಳಿತೇ ಹೇಳಬೇಕಾಗಿ ಬಂದಿರುವುದು ನನ್ನ ಪಾಡು.

ನಮ್ಮ ಪರೀಕ್ಷಾಪದ್ಧತಿಯ ಊನ ಇದಕ್ಕೆ ತೀರ ವಿರುದ್ಧವಾದುದು. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ 1857ರಲ್ಲಿ ಸ್ಥಾಪನೆಗೊಂಡ ಮದ್ರಾಸ್ ವಿಶ್ವವಿದ್ಯಾನಿಲಯ ಮೊದಮೊದಲು ಪಾಠ ಹೇಳುತ್ತಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುತ್ತಿತ್ತು. ಮಹಾರಾಜಾ ಕಾಲೇಜು, ಸೆಂಟ್ರಲ್ ಕಾಲೇಜುಗಳಲ್ಲಿ ಕಲಿಸಿದ್ದನ್ನು ಮದ್ರಾಸು ತೂಗುತ್ತಿತ್ತು. 1916ರಲ್ಲಿ ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ದೊರೆತದ್ದನ್ನು ನಾವು ನಾಡಿನ ಅಭಿಮಾನದಿಂದ ನೆನೆಯುತ್ತೇವೆ. ಅದು ಸರಿಯೇ. ಕಲಿಸುವವರೂ ತೂಗುವವರೂ ಹತ್ತಿರ ಬಂದರೆಂಬುದು ನನ್ನ ದೃಷ್ಟಿಗೆ ಅದಕ್ಕಿಂತ ದೊಡ್ಡ ಲಾಭ.

ಆ ಲಾಭ ಮಲೆನಾಡಿಗೆ ಎಷ್ಟು ಮುಟ್ಟಿತು? ಹೇಮಾವತಿ ಹುಟ್ಟುವ ಜಾವಳಿಯ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಪದವಿ ಓದಲು ಅವಳು ಕಾಫಿ ತೋಟಗಳ ನಡುವಿನ ರಸ್ತೆ ಹಿಡಿದು ಮೂಡಿಗೆರೆಗೋ ಚಿಕ್ಕಮಗಳೂರಿಗೋ ಹೋಗಬೇಕು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ತನಕ ಅವಳ ವಿಶ್ವವಿದ್ಯಾನಿಲಯ ಮೈಸೂರಿನಲ್ಲಿತ್ತು. ಆಮೇಲೆ ಶಂಕರಘಟ್ಟಕ್ಕೆ ಬಂತು. ದೂರ ಕಡಿಮೆಯಾಯಿತೇ ಹೊರತು ಕ್ರಮ ಬದಲಾಗಲಿಲ್ಲ. ಆಂತರಿಕ ಅಂಕವೆಂಬ ಸಣ್ಣ ಪಾಲನ್ನು ಬಿಟ್ಟರೆ, ಅವಳು ಉತ್ತರಪತ್ರಿಕೆಯ ಮೇಲಿನ ಒಂದು ಸಂಖ್ಯೆಯಾಗಿ ಅಪರಿಚಿತರ ಮೇಜನ್ನು ಸೇರಿದಳು. ಈ ಅಪರಿಚಯದಲ್ಲಿ ಒಂದು ನ್ಯಾಯವೂ ಉಂಟು. ಜಾತಿ, ಮನೆತನ, ಶಿಫಾರಸುಗಳು ಸಂಖ್ಯೆಯ ಹಿಂದೆ ಅಷ್ಟು ಸುಲಭವಾಗಿ ನುಸುಳಲಾರವು. ತೋಟದ ಲೈನುಮನೆಯಲ್ಲಿ ಬೆಳೆದವಳಿಗೆ ಅದು ಸಣ್ಣ ರಕ್ಷೆಯೇನಲ್ಲ.

2020ರಲ್ಲಿ ಕೊರೋನಾ ಪಿಡುಗಿನಿಂದ ಕಾಲೇಜುಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಬಂತು. ಮಲೆನಾಡಿನ ಹಲವು ಹಳ್ಳಿಗಳ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಗೋಪಾಲಸ್ವಾಮಿಯವರ ಬಾನುಲಿಗಿಲ್ಲದ ಮರುಮಾತಿನ ಸೌಕರ್ಯ ಈ ಯಂತ್ರಕ್ಕಿತ್ತು. ಆದರೂ ಅಧ್ಯಾಪಕರಿಗೆ ಹೆಚ್ಚಾಗಿ ಕಂಡದ್ದು ಹೆಸರು ಬರೆದ ಕಪ್ಪು ಚೌಕಗಳು. ಆ ಜುಲೈಯಲ್ಲಿ ಕರ್ನಾಟಕ ಸರ್ಕಾರ, ಅಂತಿಮ ವರ್ಷದವರನ್ನು ಬಿಟ್ಟು ಉಳಿದ ಪದವಿ ವಿದ್ಯಾರ್ಥಿಗಳನ್ನು ಆಂತರಿಕ ಅಂಕಗಳನ್ನೂ ಹಿಂದಿನ ಪರೀಕ್ಷೆಯ ಅಂಕಗಳನ್ನೂ ಆಧರಿಸಿ ಮುಂದಕ್ಕೆ ಕಳುಹಿಸಲು ತೀರ್ಮಾನಿಸಿತು. ಬಹುಕಾಲ ಅನ್ಯರ ಕೈಯಲ್ಲಿದ್ದ ತಕ್ಕಡಿ ಹೀಗೆ ಅರ್ಧದಷ್ಟಾದರೂ ಕಲಿಸಿದವರ ಕೈಗೆ ಬಂತು. ಬಂದದ್ದು ಮಾತ್ರ ಅವರು ತಮ್ಮ ವಿದ್ಯಾರ್ಥಿಯ ಮುಖವನ್ನೇ ಕಾಣಲಾಗದ ದಿನಗಳಲ್ಲಿ.

ಪಾಠವನ್ನು ಹೊತ್ತೊಯ್ದ ಆ ಫೋನು ಉತ್ತರವನ್ನೂ ಹೊತ್ತು ತರಬಲ್ಲುದಾಗಿತ್ತು. ಒಂದು ಪ್ರಶ್ನೆ ಕೊಟ್ಟು, ಸಂಪರ್ಕ ಸಿಕ್ಕಾಗ ನಿನ್ನ ದನಿಯಲ್ಲೇ ಉತ್ತರ ಕಳುಹಿಸೆಂದು ಜಾವಳಿಯ ಹುಡುಗಿಗೆ ಹೇಳಿದ್ದರೆ, ಐದು ನಿಮಿಷದ ಆ ಮಾತಿನಲ್ಲಿ ಬಾಯಿಪಾಠವೆಷ್ಟು, ತಿಳಿವೆಷ್ಟು ಎಂಬುದು ಕಲಿಸಿದವರ ಕಿವಿಗೆ ಗೊತ್ತಾಗದಿರದು. ಅಂಥ ಪ್ರಯತ್ನ ಅಲ್ಲಲ್ಲಿ ನಡೆದಿರಲೂಬಹುದು, ಪದ್ಧತಿಯಾಗಿ ನೆಲೆಗೊಳ್ಳಲಿಲ್ಲ. ಪಿಡುಗು ಇಳಿಯಿತು, ಪರೀಕ್ಷೆಗಳು ಮರಳಿದವು, ಉತ್ತರಪತ್ರಿಕೆಗಳ ಕಟ್ಟುಗಳು ಮತ್ತೆ ಅಪರಿಚಿತರ ಮೇಜುಗಳತ್ತ ಹೊರಟವು.